ಕೆರೆಯ ಹಿಂದೆ ಕಾನು, ಮುಂದೆ ಗದ್ದೆ

ಕಾಡಿನೊಳಗಿನ ಕೆರೆ ನೋಡಲು ಬಂದವರು ಸಾಮಾನ್ಯವಾಗಿ ಏರಿ ಹತ್ತಿ ನಿಲ್ಲುತ್ತಾರೆ. ನೀರು ನೋಡುತ್ತಾರೆ, ನಾಲ್ಕು ಫೋಟೊ ತೆಗೆಯುತ್ತಾರೆ, 'ಎಷ್ಟು ಶಾಂತ ಅಲ್ವಾ' ಅನ್ನುತ್ತಾರೆ, ಹೊರಡುತ್ತಾರೆ. ಹತ್ತು ನಿಮಿಷದ ಕೆಲಸ. ಇವತ್ತು ನಿಮ್ಮನ್ನು ಅದೇ ಏರಿಯ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸಿಕೊಳ್ಳಬೇಕು ಅಂದುಕೊಂಡಿದ್ದೇನೆ. ಮೊದಲು ನೀರು ಬರುವ ಕಡೆ ತಿರುಗಿ ನೋಡಬೇಕು. ಆಮೇಲೆ ನೀರು ಹೋಗುವ ಕಡೆ ನೋಡಬೇಕು. ಈ ಎರಡೂ ಕಡೆ ನೋಡದೆ ಬಂದರೆ ಮಲೆನಾಡಿನ ಕೆರೆ ನೋಡಿದ ಹಾಗೆ ಆಗಲಿಲ್ಲ ಅನ್ನುವುದು ನನ್ನ ಮಾತು.

ನಾನು ಹೇಳುತ್ತಿರುವುದು ಸೊರಬ, ಸಾಗರ, ಶಿರಸಿ, ಹೊಸನಗರ ಸುತ್ತಿನ ಕೆರೆ, ಕೊಳಗಳ ಬಗ್ಗೆ. ನಿಮ್ಮಲ್ಲಿ ಹೆಚ್ಚಿನವರು ಈ ಕಡೆ ಬಂದೇ ಇರುತ್ತೀರಿ. ಜೋಗಕ್ಕೆ ಬಂದಿರುತ್ತೀರಿ, ಸಿಗಂದೂರಿಗೆ ಹೋಗಿರುತ್ತೀರಿ, ಶರಾವತಿ ಹಿನ್ನೀರಿನ ದಡದಲ್ಲಿ ಸಂಜೆ ಕಳೆದಿರುತ್ತೀರಿ. ಆ ದಾರಿಯಲ್ಲಿ ಎಷ್ಟೋ ಕೆರೆಗಳ ಪಕ್ಕದಲ್ಲೇ ಕಾರು ಹೋಗಿರುತ್ತದೆ. ಕಂಡಿರುವುದಿಲ್ಲ, ಅಷ್ಟೇ. ಈ ಕೆರೆಗಳು ರಸ್ತೆಗೆ ಮುಖ ಮಾಡಿ ಕೂತಿಲ್ಲ.

ಇಲ್ಲಿ ಮಳೆ ಹೇಗೆ ಬೀಳುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೊಸನಗರದ ನಗರ, ಹುಲಿಕಲ್ ಕಡೆ ಸುರಿಯುವ ಮಳೆಗೂ ಸೊರಬದಲ್ಲಿ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅಷ್ಟರಲ್ಲಿ ಮಳೆ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಎರಡು ಕಡೆಯೂ ಒಂದು ಮಾತ್ರ ಒಂದೇ: ಬರುವುದೆಲ್ಲ ನಾಲ್ಕು ತಿಂಗಳಲ್ಲಿ ಬಂದುಹೋಗುತ್ತದೆ. ನೆಲ ಇಳಿಜಾರು. ತಡೆಯದಿದ್ದರೆ ನೀರು ಹಳ್ಳ ಸೇರಿ ಹೊಳೆ ಸೇರಿ ಹೋಗಿಯೇಬಿಡುತ್ತದೆ. ಅದಕ್ಕೇ ಹಿಂದಿನವರು ಕಣಿವೆ ಶುರುವಾಗುವ ಕಡೆ, ಎರಡು ಗುಡ್ಡ ಹತ್ತಿರ ಬರುವ ಜಾಗ ನೋಡಿ ಮಣ್ಣಿನ ಏರಿ ಹಾಕಿದರು. ಸೊರಬದ ಕಡೆ ಕೆರೆ ಜಾಸ್ತಿ ಇರುವುದಕ್ಕೆ ಇದೇ ಕಾರಣ. ಮಳೆ ಸಾಕಷ್ಟು ಬರುತ್ತದೆ, ಆದರೆ ಅದನ್ನು ನಂಬಿ ಸುಮ್ನೆ ಕೂರುವಷ್ಟು ಬರುವುದಿಲ್ಲ.

ಈಗ ಏರಿಯ ಮೇಲೆ ನಿಂತು ಹಿಂದಕ್ಕೆ ನೋಡೋಣ. ನೀರಿನ ಆಚೆ ದಡದಲ್ಲಿ ಗುಡ್ಡ ಏರುವ ಕಡೆ ಒಂದು ಕಾಡು ಇರುತ್ತದೆ, ಅಥವಾ ಇರಬೇಕಿತ್ತು. ನಮ್ಮ ಕಡೆ ಇದನ್ನು ಕಾನು ಅನ್ನುತ್ತಾರೆ. ಬೇಸಿಗೆಯಲ್ಲೂ ಎಲೆ ಉದುರಿಸಿ ಬೋಳಾಗದ, ಒಳಗೆ ಹೋದರೆ ಮಧ್ಯಾಹ್ನವೂ ಮಬ್ಬು ಅನ್ನಿಸುವ ಕಾಡು. ಸುತ್ತ ಎಲ್ಲ ಮತ್ತಿ, ಹೊನ್ನೆಯಂಥ ಎಲೆ ಉದುರುವ ಮರಗಳಿದ್ದರೂ ಕಾನು ಮಾತ್ರ ಹಸಿರಾಗಿರುತ್ತದೆ. ಹಿಂದೆ ಕಾಳುಮೆಣಸು ಇಂಥ ಕಾನುಗಳಿಂದಲೇ ಬರುತ್ತಿತ್ತು. ಊರಿನವರು ಕಾನನ್ನು ಮೆಣಸಿಗಾಗಿ ನೋಡಿಕೊಳ್ಳುತ್ತಿದ್ದರು, ದೇವರಿಗಾಗಿ ನೋಡಿಕೊಳ್ಳುತ್ತಿದ್ದರು, ನೀರಿಗಾಗಿಯೂ ನೋಡಿಕೊಳ್ಳುತ್ತಿದ್ದರು. ಇದರಲ್ಲಿ ಯಾವುದು ಮೊದಲು ಅಂತ ಕೇಳಿದರೆ ಅವರಿಗೇ ಬೇರೆ ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ ಅನ್ನಿಸುತ್ತದೆ.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಬ್ಬರು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಒಂದೇ ತಾಲ್ಲೂಕಿನಲ್ಲಿ 171 ಕಾನುಗಳ ಲೆಕ್ಕ ಅದರಲ್ಲಿದೆ. ಆ ಲೆಕ್ಕ ಓದುವಾಗ ನನಗೆ ಕಾಣುವುದು 171 ಕಡೆ ಕಾದುಕೊಂಡ ನೀರು. ಕಾನಿನೊಳಗೆ ಎಲೆ ಬಿದ್ದು ಕೊಳೆತು ನೆಲ ಮೆತ್ತಗಿರುತ್ತದೆ. ಮಳೆ ಹನಿ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ. ಮೇಲಿನ ಎಲೆಗೆ ಬಿದ್ದು, ಕೆಳಗಿನ ಎಲೆಗೆ ಇಳಿದು, ತರಗೆಲೆಯ ಮೇಲೆ ಬಂದು ನಿಧಾನಕ್ಕೆ ಇಂಗುತ್ತದೆ. ಇಂಗಿದ ನೀರು ಜಂಬಿಟ್ಟಿಗೆ ಕಲ್ಲಿನ ಸಂದಿಗಳಲ್ಲಿ ಹರಿದು, ಗುಡ್ಡದ ಬುಡದಲ್ಲಿ ಎಲ್ಲೋ ಒಂದು ಕಡೆ ಒರತೆಯಾಗಿ ಹೊರಗೆ ಬರುತ್ತದೆ. ಆ ಒರತೆ ಕೆರೆಗೆ ಸೇರುತ್ತದೆ. ಮಳೆ ನಿಂತು ಎಷ್ಟೋ ತಿಂಗಳಾದ ಮೇಲೂ ಕೆರೆಗೆ ಸಣ್ಣಗೆ ನೀರು ಬರುತ್ತಲೇ ಇರುತ್ತದೆ ಅಂದರೆ ಅದು ಹೋದ ಜುಲೈ ತಿಂಗಳ ಮಳೆ, ಕಾನು ಹಿಡಿದಿಟ್ಟುಕೊಂಡು ಬಿಡುತ್ತಿರುವುದು.

ಹಾಗಾಗಿ ನೀವು ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಒಂದು ಕೆಲಸ ಮಾಡಿ. ಏರಿಯಿಂದ ಇಳಿದು ದಡದುದ್ದಕ್ಕೂ ನಡೆದು ಕೆರೆಯ ಹಿಂಭಾಗಕ್ಕೆ ಹೋಗಿ. ಅಲ್ಲಿ ನೆಲ ಒದ್ದೆ ಇದೆಯಾ, ನೀರು ಎಲ್ಲಿಂದ ಸೇರುತ್ತಿದೆ ನೋಡಿ. ಹಿಂದೆ ಕಾನು ಉಳಿದಿರುವ ಕೆರೆಯಲ್ಲಿ ಕಾಲಿಟ್ಟ ಕಡೆ ತಣ್ಣಗಿರುತ್ತದೆ, ಹೆಜ್ಜೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಹಿಂದೆ ಅಕೇಶಿಯಾ ನೆಡುತೋಪು ಇದ್ದರೆ ಆ ಹೊತ್ತಿಗೆ ಮಣ್ಣು ಬಿರುಕು ಬಿಟ್ಟಿರುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. ಅಕೇಶಿಯಾದ ತರಗು ಬೇಗ ಕೊಳೆಯುವುದಿಲ್ಲ. ಅದರ ಕೆಳಗೆ ಬೇರೆ ಗಿಡ ಎದ್ದೇಳುವುದು ಕಷ್ಟ. ಗಿಡ ಕಡಿದಾಗಲಂತೂ ಒಂದೇ ಮಳೆಗಾಲಕ್ಕೆ ಗುಡ್ಡದ ಮಣ್ಣೆಲ್ಲ ಕೆರೆಗೆ ಬಂದು ಕೂರುತ್ತದೆ. ದೂರದಿಂದ ಫೋಟೊದಲ್ಲಿ ನೋಡಿದರೆ ಎರಡೂ ಹಸಿರೇ. ಹತ್ತಿರ ಹೋಗಿ ನೋಡಿ ಅಂತ ನಾನು ಒತ್ತಾಯ ಮಾಡುವುದು ಅದಕ್ಕೇ.

ಈಗ ಏರಿಗೆ ವಾಪಸ್ ಬರೋಣ. ಏರಿಯ ಒಂದು ತುದಿಯಲ್ಲಿ ಕೋಡಿ ಇರುತ್ತದೆ, ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೋಗುವ ಜಾಗ. ಕಲ್ಲು ಹಾಸಿರುತ್ತಾರೆ. ಏರಿಯ ಮಧ್ಯದ ಹತ್ತಿರ, ನೀರಿನೊಳಗೆ, ಎರಡು ಕಲ್ಲಿನ ಕಂಬ ನಿಲ್ಲಿಸಿ ಅಡ್ಡಕ್ಕೆ ಕಲ್ಲು ಕೂರಿಸಿದ್ದು ಕಾಣಬಹುದು. ಅದು ತೂಬು. ಹೊಸಬರು ಅದನ್ನು ಯಾವುದೋ ಹಾಳುಬಿದ್ದ ಮಂಟಪ ಅಂದುಕೊಳ್ಳುತ್ತಾರೆ. ಅಡ್ಡ ಕಲ್ಲಿನಲ್ಲಿ ತೂತು ಇರುತ್ತದೆ. ಅದರೊಳಗಿಂದ ಮರದ ಕೋಲು ಇಳಿಸಿ ಕೆಳಗಿನ ಬಾಯಿ ಮುಚ್ಚುವುದು, ಬೇಕಾದಾಗ ಎತ್ತುವುದು. ಎಷ್ಟು ಎತ್ತಿದರೆ ಎಷ್ಟು ನೀರು ಅನ್ನುವುದು ಎತ್ತುವವರ ಕೈಗೆ ಗೊತ್ತು.

ಸೊರಬದ ಹತ್ತಿರದ ಒಂದು ಊರಲ್ಲಿ ನಾನು ಹೀಗೇ ನೀರು ನೋಡುತ್ತಾ ನಿಂತಿದ್ದೆ. ಒಬ್ಬರು ಹಿರಿಯರು ಗದ್ದೆ ಕಡೆಯಿಂದ ಹತ್ತಿ ಬಂದರು.

"ಎಲ್ಲಿಂದ ಬಂದ್ರಿ?"

"ಸಾಗರದಿಂದ ಗೌಡ್ರೆ. ಕೆರೆ ನೋಡಕ್ಕೆ."

"ಇಲ್ಲಿ ನಿಂತ್ರೆ ಎಂತ ಕಾಣ್ತದೆ ಮಾರಾಯ್ರೆ? ಕೋಡಿ ಹತ್ರ ಬನ್ನಿ."

ಕೋಡಿಯ ಹತ್ತಿರ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಚೌತಿ ಹಬ್ಬದ ಹೊತ್ತಿಗೆ ನೀರು ಆ ಕಲ್ಲು ದಾಟಿ ಹೋಗಿದ್ದರೆ ಮಾರ್ಚ್ ಕಳೆಯುವ ತನಕ ತೋಟಕ್ಕೆ ಚಿಂತೆ ಇಲ್ಲ, ದಾಟದಿದ್ದರೆ ಈಗಲೇ ಲೆಕ್ಕ ಹಾಕಿಕೊಳ್ಳಬೇಕು ಅಂದರು. ಆಮೇಲೆ ಏರಿಯ ಕೆಳಗಿನ ಗದ್ದೆಗಳನ್ನು ಒಂದೊಂದಾಗಿ ತೋರಿಸುತ್ತಾ ಯಾವುದಕ್ಕೆ ಮೊದಲು ನೀರು, ಯಾವುದಕ್ಕೆ ಆಮೇಲೆ ಅಂತ ಹೇಳಿದರು. ಅವರು ಮಾತಾಡಿದ ಆ ಅರ್ಧ ಗಂಟೆಯಲ್ಲಿ ಕೆರೆಯ ನೀರಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವರ ಮಟ್ಟಿಗೆ ಕೆರೆ ಇರುವುದು ಏರಿಯ ಕೆಳಗೆ.

ಇಲ್ಲೇ ಒಂದು ಹಳೆಯ ವಿಷಯ ಹೇಳಬೇಕು, ದಾರಿ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಶಿರಾಳಕೊಪ್ಪದ ಹತ್ತಿರ ತಾಳಗುಂದ ಇದೆ. ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಮುಂದೆ 5ನೇ ಶತಮಾನದ ಒಂದು ಕಲ್ಲಿನ ಕಂಬವಿದೆ. ಮೈತುಂಬ ಸಂಸ್ಕೃತ ಶಾಸನ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜತೆ ಜಗಳವಾದದ್ದು, ಸಿಟ್ಟಿನಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಇದೆಲ್ಲ ನಮಗೆ ಗೊತ್ತಾಗಿರುವುದು ಈ ಕಂಬದಿಂದ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಈ ಶಾಸನ ಹಾಕಿಸಿದ್ದು ಯಾಕೆ ಗೊತ್ತಾ? ಕದಂಬರ ರಾಜ ಕಾಕುಸ್ಥವರ್ಮ ಆ ದೇವಸ್ಥಾನದ ಹತ್ತಿರ ಒಂದು ಕೆರೆ ಕಟ್ಟಿಸಿದ ಅಂತ ಹೇಳಲಿಕ್ಕೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನುವ ಕವಿ ಇದನ್ನು ರಚಿಸಿ ತಾನೇ ಕಲ್ಲಿನ ಮೇಲೆ ಬರೆದ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಬಂಡೆ ಶಾಸನವೂ ಕೆರೆಯದ್ದೇ. ಕದಂಬರ ಚರಿತ್ರೆಯನ್ನು ನಮ್ಮ ಕೈಗೆ ಕೊಟ್ಟದ್ದು ಎರಡು ಕೆರೆಗಳು. ಕೆರೆ ಕಟ್ಟಿದ ಕೆಲಸವನ್ನು ಹೇಳುವ ಮುಂಚೆ ಮನೆತನದ ಕತೆಯನ್ನೆಲ್ಲ ಹೇಳಬೇಕು ಅನ್ನುವಷ್ಟು ದೊಡ್ಡ ಸಂಗತಿ ಅದು ಅವರಿಗೆ. ತಾಳಗುಂದಕ್ಕೆ ಹೋದಾಗ ಕಂಬ ನೋಡಿ ಬಂದುಬಿಡಬೇಡಿ. ಕೆರೆಯನ್ನೂ ನೋಡಿ.

ಬನವಾಸಿಯಿಂದ ಹತ್ತಿರದ ಗುಡ್ನಾಪುರವೂ ಹಾಗೇ. ಅಲ್ಲಿ ರವಿವರ್ಮನ ಶಾಸನ ಸಿಕ್ಕಿದೆ, ಕದಂಬರ ಕಾಲದ ಕಟ್ಟಡದ ಅವಶೇಷ ಇದೆ. ಪಕ್ಕದಲ್ಲೇ ಕಣ್ಣಿಗೆ ತುಂಬುವಷ್ಟು ದೊಡ್ಡ ಕೆರೆ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಕ್ಯಾಮೆರಾ ತಂದವರು ಅದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಶಿರಸಿಯಿಂದ ಸೋಂದಾ ಕಡೆ ಹೋದರೆ ಮುಂಡಿಗೆಕೆರೆ ಸಿಗುತ್ತದೆ. ಸಣ್ಣ ಕೆರೆ. ಅದರೊಳಗೆ ಮುಂಡಿಗೆ ಗಿಡದ ಪೊದೆಗಳು. ಮುಂಡಿಗೆ ಅಂದರೆ ಕೇದಿಗೆಯ ಜಾತಿಯದು. ಉದ್ದನೆಯ ಎಲೆ, ಎರಡೂ ಅಂಚಿಗೆ ಗರಗಸದಂತೆ ಮುಳ್ಳು. ಪ್ರತಿ ವರ್ಷ ಮಳೆಗಾಲದ ಹೊಸ್ತಿಲಲ್ಲಿ ಬೆಳ್ಳಕ್ಕಿಗಳು ಇಲ್ಲಿಗೆ ಬರುತ್ತವೆ. ಮೊದಲು ಒಂದೆರಡು ಹಕ್ಕಿ ಬಂದು ನೋಡಿಕೊಂಡು ಹೋಗುತ್ತವೆ, ಆಮೇಲೆ ಹಿಂಡು ಬರುತ್ತದೆ ಅಂತ ಊರಿನವರು ಹೇಳುತ್ತಾರೆ. ಮುಳ್ಳಿನ ಪೊದೆ, ಸುತ್ತ ನೀರು. ಹಾವಿಗೂ ಕಾಡುಬೆಕ್ಕಿಗೂ ಗೂಡಿನ ಹತ್ತಿರ ಹೋಗುವುದು ಸುಲಭ ಅಲ್ಲ. ಮರಿ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ?

ಶಾಂತವಾದ ಕೆರೆ ಅಂತ ಹುಡುಕಿಕೊಂಡು ಹೋಗುವವರು ಜುಲೈ ಕೊನೆಗೆ ಮುಂಡಿಗೆಕೆರೆಗೆ ಹೋಗಬೇಕು. ದೂರದಿಂದಲೇ ಗದ್ದಲ ಕೇಳಿಸುತ್ತದೆ. ಬೆಳ್ಳಕ್ಕಿ ನೋಡಲು ಎಷ್ಟು ಚೆಂದವೋ ಗಂಟಲು ಅಷ್ಟೇ ಒರಟು. ಮೀನಿನ ವಾಸನೆ, ಹಿಕ್ಕೆಯ ವಾಸನೆ, ಒದ್ದೆ ಎಲೆಯ ವಾಸನೆ ಎಲ್ಲ ಸೇರಿ ಮೂಗಿಗೆ ಬಡಿಯುತ್ತದೆ. ಒಂದೊಂದು ಪೊದೆಯಲ್ಲೂ ಗೂಡಿನ ಮೇಲೆ ಗೂಡು. ಮರಿಗಳು ಕತ್ತು ಉದ್ದ ಮಾಡಿ ಕಾಯುತ್ತಿರುತ್ತವೆ. ತಾಯಿಯೋ ತಂದೆಯೋ ಬಂದು ಕೂತ ಕೂಡಲೇ ಮರಿ ಅದರ ಕೊಕ್ಕನ್ನೇ ಅಡ್ಡಕ್ಕೆ ಕಚ್ಚಿ ಕೆಳಕ್ಕೆ ಎಳೆಯುತ್ತದೆ. ಆಗ ಗಂಟಲಿನಿಂದ ಊಟ ಹೊರಗೆ ಬರುತ್ತದೆ. ಒಂದು ಸಲ ನನ್ನ ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಂಡದ್ದು ಒಂದು ಕಪ್ಪೆ. ಕಾಲು ಇನ್ನೂ ಅಲ್ಲಾಡುತ್ತಿತ್ತು.

ಆ ಕಪ್ಪೆ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಇಷ್ಟು ಸಣ್ಣ ಕೆರೆ ಅಷ್ಟು ಮರಿಗಳ ಹೊಟ್ಟೆ ತುಂಬಿಸುವುದಿಲ್ಲ. ಸುತ್ತಿನ ಗದ್ದೆಗಳಲ್ಲಿ ಆಗ ನಾಟಿ ನಡೆಯುತ್ತಿರುತ್ತದೆ. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಕಪ್ಪೆ, ಏಡಿ, ಸಣ್ಣ ಮೀನು ಎಲ್ಲ ಇರುತ್ತವೆ. ಹಕ್ಕಿ ಮನೆ ಮಾಡುವುದು ಕೆರೆಯಲ್ಲಿ, ದುಡಿಯುವುದು ಗದ್ದೆಯಲ್ಲಿ. ಕೆರೆಗೆ ಬೇಲಿ ಹಾಕಿ, ಬೋರ್ಡು ನೆಟ್ಟು, ಸುತ್ತಿನ ಗದ್ದೆಗಳನ್ನೆಲ್ಲ ಅಡಕೆ ತೋಟ ಮಾಡಿಬಿಟ್ಟರೆ ಹಕ್ಕಿ ಎಷ್ಟು ವರ್ಷ ಬಂದೀತು? ಈ ಪ್ರಶ್ನೆ ನನ್ನನ್ನು ತುಂಬಾ ಕಾಡುತ್ತದೆ. ಈಗ ಈ ಕಡೆ ಗದ್ದೆಗಳು ತೋಟವಾಗುತ್ತಿರುವ ವೇಗ ನಿಮಗೂ ಗೊತ್ತು. ರೈತರನ್ನು ದೂರುವುದಕ್ಕೆ ಆಗುವುದಿಲ್ಲ. ಭತ್ತದಲ್ಲಿ ಕೂಲಿಯೂ ಹುಟ್ಟುವುದಿಲ್ಲ, ಅಡಕೆಯಲ್ಲಿ ನಾಲ್ಕು ಕಾಸು ಸಿಗುತ್ತದೆ. ಆದರೆ ಹಕ್ಕಿಧಾಮ ಉಳಿಸಬೇಕು ಅಂತ ಮಾತಾಡುವವರು ಗದ್ದೆಯ ಮಾತನ್ನೂ ಆಡಲೇಬೇಕು.

ಸೊರಬ ತಾಲ್ಲೂಕಿನ ಗುಡವಿ ಇದಕ್ಕಿಂತ ದೊಡ್ಡದು, ಹೆಸರಾದದ್ದು. ಸೊರಬದಿಂದ ಸುಮಾರು 16 ಕಿ.ಮೀ. ನೀರಿನಲ್ಲೇ ನಿಂತ ಮರಗಳು, ಮರದ ತುಂಬ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ. ಇಲ್ಲಿ ನಡೆಯಲು ದಾರಿ ಇದೆ, ವೀಕ್ಷಣೆಗೆ ಗೋಪುರ ಇದೆ. ಇದರ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ಹಾಗಾಗಿ ಮುಂದೆ ಹೋಗುತ್ತೇನೆ.

ನನಗೆ ಹೇಳಬೇಕು ಅನ್ನಿಸುವುದು ಹೆಸರಿಲ್ಲದ ಕೆರೆಗಳ ದೇವನಕ್ಕಿ ಬಗ್ಗೆ. ತಾವರೆ, ನೈದಿಲೆ ಎಲೆ ಹರಡಿದ ಕೆರೆಯಲ್ಲಿ ಎಲೆಯ ಮೇಲೆ ನಡೆದು ಹೋಗುವ ಹಕ್ಕಿ ಕಂಡರೆ ಅದೇ. ಕಾಲಿನ ಬೆರಳು ವಿಪರೀತ ಉದ್ದ, ಹಾಗಾಗಿ ಎಲೆ ಮುಳುಗುವುದಿಲ್ಲ. ಹೆಣ್ಣು ದೊಡ್ಡದು. ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡಿನ ಪಾಲು. ಮೊಟ್ಟೆ ಹೊಳೆಯುವ ಕಂದು ಬಣ್ಣ, ಅದರ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಗೀಚಿದಂಥ ಗೆರೆಗಳು. ತೇಲುವ ಎಲೆಯ ಮೇಲೆ ನಾಲ್ಕು ಎಳೆ ಹುಲ್ಲು ಹಾಕಿ ಅದರ ಮೇಲೆ ಇಟ್ಟಿರುತ್ತದೆ. ಅದೇ ಗೂಡು. ಅಪಾಯ ಬಂದರೆ ಅಪ್ಪ ಮರಿಗಳನ್ನು ರೆಕ್ಕೆಯ ಕೆಳಗೆ ಇರುಕಿಕೊಂಡು ಎದ್ದು ನಡೆಯುತ್ತಾನೆ. ಆಗ ನೋಡಿದರೆ ಒಂದು ಹಕ್ಕಿಗೆ ಎಂಟು ಹತ್ತು ಕಾಲು ಜೋತಾಡುತ್ತಿರುತ್ತವೆ. ಇದನ್ನು ನೋಡಲು ದುಬಾರಿ ಕ್ಯಾಮೆರಾ ಬೇಡ. ಒಂದು ಮರದ ಬುಡದಲ್ಲಿ ಅಲ್ಲಾಡದೆ ಕೂರುವ ತಾಳ್ಮೆ ಬೇಕು. ಮಳೆಗಾಲದಲ್ಲಿ ತಾವರೆ ಹೂವಿಗಾಗಿ ನೀರಿಗೆ ಇಳಿಯಬೇಡಿ ಅಂತ ನಾನು ಹೇಳುವುದಕ್ಕೆ ಕಾರಣ ಈಗ ಗೊತ್ತಾಗಿರಬೇಕು. ನೀವು ಎದ್ದುಹೋಗುವ ಹೊತ್ತಿಗೆ ಎಲೆಯೊಂದು ಓರೆಯಾದರೆ ಸಾಕು, ಮೊಟ್ಟೆ ನೀರಿಗೆ.

ಮಳೆಗಾಲ ಅಂದಮೇಲೆ ಹತ್ತುಮೀನಿನ ಸುದ್ದಿ ಬರಲೇಬೇಕು. ಜೂನ್‌ನಲ್ಲಿ ಮೊದಲ ಜೋರು ಮಳೆಗೆ ಹಳ್ಳ ಕೆಂಪಾಗಿ ಹರಿಯುತ್ತದಲ್ಲ, ಆಗ ಮೀನುಗಳು ನೀರಿನ ಎದುರಿಗೆ ಹತ್ತುತ್ತವೆ. ಹಳ್ಳದಿಂದ ಗದ್ದೆಗೆ, ಗದ್ದೆಯಿಂದ ಮೇಲಿನ ಗದ್ದೆಗೆ. ಮೊಟ್ಟೆ ಇಡಲು ಆಳ ಇಲ್ಲದ ಬೆಚ್ಚಗಿನ ನೀರು ಬೇಕು. ರಾತ್ರಿ ಬ್ಯಾಟರಿ ಹಿಡಿದು ಮೀನು ಕಡಿಯಲು ಹೋಗುವುದು ಮಲೆನಾಡಿನ ಹಳೆಯ ಖುಷಿ. ನಾನು ಚಿಕ್ಕವನಿದ್ದಾಗ ಅಪ್ಪನ ಹಿಂದೆ ಹೋಗುತ್ತಿದ್ದೆ. ಊರಿನ ನಾಲ್ಕು ಮನೆಯವರು ಸಾರಿಗೆ ಬೇಕಾದಷ್ಟು ಹಿಡಿಯುವುದು ಬೇರೆ. ಈಗ ಹೊರಗಿನಿಂದ ಗಾಡಿ ಮಾಡಿಕೊಂಡು ಬಂದು, ಹಳ್ಳದ ಬಾಯಿಗೇ ಬಲೆ ಕಟ್ಟುವುದು ಬೇರೆ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡ ಮೀನನ್ನು ದಾರಿಯಲ್ಲೇ ತಡೆದರೆ ಮುಂದಿನ ವರ್ಷ ಕೆರೆಯಲ್ಲಿ ಏನು ಉಳಿಯುತ್ತದೆ?

ಇದಕ್ಕೆ ಎದುರಾಗಿ ಕೆರೆಬೇಟೆ ನೋಡಿ. ಮಳೆಗೆ ಮುಂಚೆ, ಕೆರೆ ತಳ ಸೇರಿದಾಗ, ಊರಿನವರು ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನದವರೆಗೆ ಯಾರೂ ಬಲೆ ಹಾಕುವ ಹಾಗಿಲ್ಲ. ಒಂದು ಕೂಣಿಗೆ ಇಷ್ಟು ಅಂತ ಹಣ ಕೊಡಬೇಕು. ಆ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಕೂಣಿ ಅಂದರೆ ಬಿದಿರಿನ ಸೀಳು ಕಟ್ಟಿ ಮಾಡಿದ್ದು. ಕೆಳಗೆ ಅಗಲ ಬಾಯಿ, ಮೇಲೆ ಕೈ ತೂರುವಷ್ಟು ಕಿಂಡಿ. ದಡದಲ್ಲಿ ನೂರಾರು ಜನ ಸಾಲಾಗಿ ನಿಲ್ಲುತ್ತಾರೆ. ಒಪ್ಪಿಗೆ ಸಿಕ್ಕ ಕೂಡಲೇ ಒಟ್ಟಿಗೇ ನೀರಿಗೆ. ಕೂಣಿಯನ್ನು ಕೆಸರಿಗೆ ಒತ್ತುತ್ತಾರೆ. ಒಳಗೆ ಮೀನು ಸಿಕ್ಕಿದ್ದರೆ ಬಿದಿರಿಗೆ ಬಡಿದದ್ದು ಅಂಗೈಗೆ ಗೊತ್ತಾಗುತ್ತದೆ. ಮೇಲಿನ ಕಿಂಡಿಯಿಂದ ಕೈ ಇಳಿಸಿ, ಕೆಸರಲ್ಲಿ ತಡಕಾಡಿ ಹಿಡಿಯಬೇಕು. ಮುರುಗೋಡು ಅನ್ನುವ ಮೀಸೆ ಮೀನು ಸಿಕ್ಕರೆ ಅದರ ಮುಳ್ಳಿಗೆ ಹುಷಾರಾಗಿರಬೇಕು. ಸ್ವಲ್ಪ ಹೊತ್ತಿಗೆಲ್ಲ ಯಾರ ಮುಖ ಯಾರದು ಅಂತ ಗೊತ್ತಾಗದಷ್ಟು ಕೆಸರು. ನೀವು ನೋಡಲು ಹೋಗಿ, ಖಂಡಿತ ಹೋಗಿ. ಏರಿಯ ಮೇಲೆ ನಿಲ್ಲಿ, ದಾರಿ ಬಿಡಿ. ಇಡೀ ವರ್ಷ ಕೆರೆಯನ್ನು ಕಾದವರ ದಿನ ಅದು.

ಆ ಜನ ಒಟ್ಟಿಗೆ ಕೆಸರು ತುಳಿಯುವುದರಿಂದ ಹೂಳು ಕಲಕಿ ಒಳ್ಳೆಯದೇ ಆಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಹೂಳಿನ ವಿಷಯ ಬಂತಲ್ಲ, ನಿಮ್ಮಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ, ಕೆರೆ ಹೂಳೆತ್ತುವ ಕೆಲಸ ಎಲ್ಲ ಕಡೆ ನಡೆಯುತ್ತಿದೆಯಲ್ಲ, ಅದರ ಬಗ್ಗೆ ಏನನ್ನುತ್ತೀರಿ ಅಂತ. ಒಳ್ಳೆಯ ಕೆಲಸ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆ ಮಣ್ಣನ್ನು ಗಾಡಿಯಲ್ಲಿ ಹೊತ್ತು ಗದ್ದೆಗೆ ಹಾಕುತ್ತಿದ್ದರು. ಕೆರೆಗೂ ಒಳ್ಳೆಯದು, ಗದ್ದೆಗೂ ಗೊಬ್ಬರ. ಕೊಳವೆಬಾವಿ ಬಂದಮೇಲೆ ಆ ರೂಢಿ ತಪ್ಪಿತು. ಈಗ ಮತ್ತೆ ಶುರುವಾಗಿದೆ, ಸಂತೋಷ. ಆದರೆ ಎಷ್ಟೋ ಕಡೆ ಜೆಸಿಬಿ ತಂದು ನಾಲ್ಕೂ ಕಡೆ ಗೋಡೆಯ ಹಾಗೆ ನೆಟ್ಟಗೆ ಕೊರೆದು ಹೋಗುತ್ತಾರೆ. ಬಾಣಲೆಯಂತೆ ಇದ್ದ ಕೆರೆ ಬಕೆಟ್ಟಿನಂತೆ ಆಗುತ್ತದೆ. ನೀರೇನೋ ನಿಲ್ಲುತ್ತದೆ. ಅಂಚಿನ ಮೊಣಕಾಲುದ್ದದ ನೀರಲ್ಲಿ ಕಾಲೂರಿ ಮೀನು ಹಿಡಿಯುತ್ತಿದ್ದ ಬೆಳ್ಳಕ್ಕಿ ಎಲ್ಲಿ ನಿಲ್ಲಬೇಕು? ದನ ಎಲ್ಲಿ ಇಳಿದು ನೀರು ಕುಡಿಯಬೇಕು? ಮಗು ಕಾಲು ಜಾರಿದರೆ ಹತ್ತಿ ಬರುವುದು ಹೇಗೆ? ಹೂಳೆತ್ತುವವರಿಗೆ ನನ್ನ ಕೋರಿಕೆ ಒಂದೇ, ಮಧ್ಯದಲ್ಲಿ ಆಳ ಮಾಡಿ, ಅಂಚು ಇಳಿಜಾರಾಗಿಯೇ ಇರಲಿ, ಹಿಂಭಾಗದ ಜೌಗು ನೆಲ ಮುಟ್ಟಬೇಡಿ.

ಚೆನ್ನಾಗಿ ಆದ ಕೆಲಸ ನೋಡಬೇಕಾದರೆ ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರ ಮಲಂದೂರಿನ ಚಂಪಕ ಸರಸ್ಸಿಗೆ ಹೋಗಿ. ಕೆಳದಿ ಅರಸರ ಕಾಲದ ಕೊಳ. ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ಮಧ್ಯೆ ಒಂದು ಪುಟ್ಟ ಗುಡಿ. ವೆಂಕಟಪ್ಪ ನಾಯಕ ಮತ್ತು ರಂಗೋಲಿ ಹಾಕುತ್ತಿದ್ದ ಚಂಪಕಾಳ ಕತೆಯನ್ನು ಜನ ಇದರ ಜತೆ ಸೇರಿಸಿ ಹೇಳುತ್ತಾರೆ. ಬಹಳ ಕಾಲ ಹೂಳು, ಗಿಡಗಂಟಿ ತುಂಬಿತ್ತು. ಯಶೋಮಾರ್ಗ ಸಂಸ್ಥೆಯವರು ಹೂಳೆತ್ತಿಸಿದ ಮೇಲೆ ಮೆಟ್ಟಿಲುಗಳು ಮತ್ತೆ ಬೆಳಕು ಕಂಡವು.

ಇದೇ ಕೆಳದಿ ಅರಸರ ಇನ್ನೊಂದು ಜಾಗ ಹೊಸನಗರ ತಾಲ್ಲೂಕಿನ ದೇವಗಂಗೆ. ಬಿದನೂರು ಅವರ ರಾಜಧಾನಿ ಆಗಿತ್ತು, 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಆ ಊರೇ ಈಗಿನ ನಗರ. ಹೆಚ್ಚಿನವರು ಕೋಟೆ ನೋಡಿ ವಾಪಸ್ ಹೋಗುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಕಾಡಿನ ಬುಡದಲ್ಲಿ, ಬೇರೆ ಬೇರೆ ಆಕಾರದ ಕೊಳಗಳ ಒಂದು ಗುಂಪು ಇದೆ. ಗುಡ್ಡದ ಒರತೆಯ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ನಾನು ಆಗ ಹೇಳಿದ ಕಾನು ಮತ್ತು ಒರತೆಯ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುವ ಹಾಗೆ ಇದೆ. ರಾಜಮನೆತನ ಹೋಯಿತು, ಅರಮನೆ ಸುಟ್ಟುಹೋಯಿತು. ಮೇಲಿನ ಕಾಡು ಇರುವ ತನಕ ನೀರಿಗೆ ಅದರ ಗೊಡವೆ ಇಲ್ಲ.

ಇನ್ನು ಹೋಗುವವರಿಗೆ ಕೆಲವು ಮಾತು. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ.

ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಈ ರೋಗ 1957ರಲ್ಲಿ ಮೊದಲು ಕಂಡದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ತೀರಿಕೊಂಡರು. ಕಾಡಿನ ಉಣುಗು, ಅಂದರೆ ಉಣ್ಣೆ, ಕಚ್ಚಿದರೆ ಬರುತ್ತದೆ. ಮಂಗ ಸತ್ತಿರುವ ಸುದ್ದಿ ಇರುವ ಕಡೆ ಆ ತಿಂಗಳುಗಳಲ್ಲಿ ಕಾಲಿಡಬೇಡಿ. ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಹೇಳುತ್ತಾರೆ, ಮೈಗೆ ಹಚ್ಚಲು ಎಣ್ಣೆಯನ್ನೂ ಕೊಡುತ್ತಾರೆ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ತೊಳೆಯಿರಿ. ಹತ್ತು ಹನ್ನೆರಡು ದಿನದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ನೀವು ಹೇಳದಿದ್ದರೆ ಹೇಗೆ ಗೊತ್ತಾಗಬೇಕು?

ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಅಷ್ಟು ಹೆದರಬೇಕಾದ್ದಿಲ್ಲ. ರಕ್ತ ಹೀರುತ್ತದೆ, ರೋಗ ಅಂಟಿಸುವುದಿಲ್ಲ. ಸ್ವಲ್ಪ ಉಪ್ಪು ಇಟ್ಟುಕೊಂಡರೆ ಆಯಿತು.

ಈಜಲು ಇಳಿಯಬೇಡಿ. ಇದನ್ನು ಎಷ್ಟು ಜೋರಾಗಿ ಹೇಳಿದರೂ ಸಾಲದು. ಕೆರೆಯ ತಳ ಹೂಳು. ಕಾಲು ಊರಿದರೆ ಮೊಣಕಾಲು, ಎಳೆದುಕೊಳ್ಳಲು ಹೋದರೆ ಸೊಂಟ. ತೂಬಿನ ಹತ್ತಿರ ಹೊಂಡ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ಹೊಳೆಯಲ್ಲಿ ಈಜಿ ಗೊತ್ತಿರುವವರೂ ಕೆರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಅಂತರಗಂಗೆ ಅನ್ನುವ ತೇಲುವ ಕಳೆ ಬೆಳೆದ ಕಡೆ ಅಂತೂ ನೀರಿನ ಹತ್ತಿರವೇ ಹೋಗಬೇಡಿ.

ಏರಿಯ ಮೇಲೆ ಮರದ ಬುಡದಲ್ಲಿ ಒಂದೆರಡು ಕಲ್ಲು, ಕುಂಕುಮ, ಒಣಗಿದ ಹೂವು ಕಂಡರೆ ಅದು ಚೌಡಿ, ಊರಿನವರು ಪೂಜಿಸುವ ದೇವತೆ. ಅಲ್ಲಿ ಚಪ್ಪಲಿ ಬಿಟ್ಟು ನಡೆಯಿರಿ, ಕೂತು ಊಟ ಮಾಡಬೇಡಿ. ಹತ್ತಿರದ ಮನೆಗೆ ಹೋಗಿ ಕೆರೆ ನೋಡಬಹುದಾ ಅಂತ ಒಂದು ಮಾತು ಕೇಳಿ. ಬೇಡ ಅಂದವರನ್ನು ನಾನು ಕಂಡಿಲ್ಲ, ಮಜ್ಜಿಗೆ ಕೊಡದೆ ಕಳಿಸಿದವರನ್ನೂ ಕಂಡಿಲ್ಲ. ಮೀಸಲು ಅರಣ್ಯದೊಳಗೆ ಇರುವ ಕೆರೆಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು.

ಕೊನೆಯಲ್ಲಿ ಕೂತ ಅಮ್ಮ ಒಬ್ಬರು ಕೇಳುತ್ತಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೆ ಯಾವ ಕೆರೆ, ಯಾವಾಗ ಅಂತ. ಗುಡವಿಗೆ ಹೋಗಿ ತಾಯಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಕಡಿಮೆ ಆಗಿರುತ್ತದೆ, ಮಂಗನ ಕಾಯಿಲೆಯ ಕಾಲ ಶುರುವಾಗಿರುವುದಿಲ್ಲ, ಮರಿಗಳು ಹಾರಲು ಕಲಿಯುತ್ತಿರುತ್ತವೆ. ಬೆಳಿಗ್ಗೆ ಬೇಗ ತಲುಪಿ, ಅಥವಾ ಸಂಜೆ ಹಕ್ಕಿ ವಾಪಸ್ ಬರುವ ಹೊತ್ತಿಗೆ. ಮಕ್ಕಳಿಗೆ ಬಿಳಿ, ಕೆಂಪು ಅಂಗಿ ಬೇಡ, ಮಾಸಲು ಬಣ್ಣದ್ದು ಹಾಕಿಸಿ. ಮಧ್ಯಾಹ್ನ ಅಲ್ಲಿಂದ ಬನವಾಸಿಗೆ ಹೋಗಿ, ದಾರಿಯಲ್ಲಿ ಭತ್ತದ ಗದ್ದೆ ಸಿಕ್ಕ ಕಡೆ ಗಾಡಿ ನಿಲ್ಲಿಸಿ. ಗುಡವಿಯ ಮರದಲ್ಲಿ ನೋಡಿದ ಹಕ್ಕಿ ಬದುವಿನ ಮೇಲೆ ಏನು ಹೆಕ್ಕುತ್ತಿದೆ ಅಂತ ಮಕ್ಕಳೇ ಕಂಡು ಹೇಳಲಿ.